ಉಪ್ಪಿಗೆ ಬಿಟ್ಟ ಮಾರ್ಜಿನ್

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ, ಹತ್ತಡಿ ಅಗಲದ ಒಂದು ಹೊಲಿಗೆ ಅಂಗಡಿ ಇದೆ. ಅದರ ಮಾಲೀಕರಿಗೆ ಐವತ್ತೆರಡು ವರ್ಷ. ಮೂವತ್ತು ವರ್ಷಗಳಿಂದ ಷರ್ಟು, ಪ್ಯಾಂಟು, ಕೋಟು ಹೊಲಿಯುತ್ತಿರುವ ಅವರನ್ನು ಬೀದಿಯವರೆಲ್ಲ ಟೇಲರ್ ಎಂದೇ ಕರೆಯುತ್ತಾರೆ. ಇಲ್ಲಿಯೂ ಹಾಗೆಯೇ ಇರಲಿ. ಅವರು ಅಡುಗೆ ಕಲಿತ ಬಗೆಯನ್ನು ಅವರ ಬಾಯಿಂದ ಮೂರು ಸಲ, ಅವರ ಅತ್ತೆಯಿಂದ ಎರಡು ಸಲ, ಹೆಂಡತಿಯಿಂದ ಒಂದು ಸಲ ಕೇಳಿ, ತಾಳೆ ನೋಡಿ ಬರೆದದ್ದು ಇದು. ಮಾತು ಹೊಂದದ ಕಡೆ ಎರಡನ್ನೂ ಕೊಟ್ಟಿದೆ.

ಹೆಂಡತಿ ಇಪ್ಪತ್ತು ವರ್ಷಗಳಿಂದ ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನ ಮುಖ್ಯ ನರ್ಸ್ ಆಗಬೇಕಾದರೆ ಮೂರು ತಿಂಗಳ ಸಂಜೆ ತರಗತಿ ಮುಗಿಸಿ ಪರೀಕ್ಷೆ ಪಾಸು ಮಾಡಬೇಕು. ಆರು ವರ್ಷಗಳ ಹಿಂದೆ ಒಮ್ಮೆ ಸೇರಿ, ಎರಡನೆಯ ವಾರಕ್ಕೇ ಬಿಟ್ಟಿದ್ದರು. ಎಂಟು ಗಂಟೆಗೆ ಮನೆಗೆ ಬಂದು ಒಲೆ ಹಚ್ಚಿ, ಊಟ ಮುಗಿಸಿ ಪುಸ್ತಕ ಬಿಡಿಸುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತಂತೆ. ಈಗ ಮತ್ತೆ ಸೇರಿದ್ದರು. ಈ ಸಲ ಬಿಟ್ಟರೆ ವಯಸ್ಸಿನ ಮಿತಿ ಮೀರುತ್ತಿತ್ತು. ಇನ್ನೊಂದು ಅವಕಾಶ ಇರಲಿಲ್ಲ. ಮನೆಯಲ್ಲೇ ಇದ್ದ ಅವರ ತಾಯಿಗೆ, ಅಂದರೆ ಟೇಲರ್ ಅವರ ಅತ್ತೆಗೆ, ಮಂಡಿನೋವು. ಒಲೆಯ ಮುಂದೆ ಹತ್ತು ನಿಮಿಷ ನಿಲ್ಲಲಾರರು.

ಅಡುಗೆಯನ್ನು ತಮಗೆ ಬಿಡಬೇಕೆಂದು ಟೇಲರ್ ತಾವಾಗಿಯೇ ಮುಂದೆ ಬಂದರು. ಕೋಟು ಹೊಲಿಯುವವನಿಗೆ ಬೇಳೆ ಬೇಯಿಸುವುದು ಯಾವ ಮಹಾ ಕೆಲಸ ಎಂಬುದು ಅವರ ವಾದ. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ, “ಅಳಿಯಂದಿರೇ, ಗ್ಯಾಸ್ ಯಾವ ಕಡೆ ತಿರುಗಿಸಿದ್ರೆ ಹತ್ಕೊಳ್ಳುತ್ತೆ ಅಂತಾದ್ರೂ ಗೊತ್ತಾ?” ಎಂದರು. ಗೊತ್ತಿರಲಿಲ್ಲ.

ಮೊದಲ ತೊಡಕು ಅಳತೆಯದು. ಬೇಳೆಗೆ ಉಪ್ಪು ಎಷ್ಟು ಹಾಕಬೇಕೆಂದು ಕೇಳಿದ್ದಕ್ಕೆ ಹೆಂಡತಿ, ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ, ರುಚಿಗೆ ತಕ್ಕಷ್ಟು ಎಂದು ಹೇಳಿ ಚಪ್ಪಲಿ ಮೆಟ್ಟಿದರು. ಯಾರ ರುಚಿಗೆ ಎಂದು ಕೇಳುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಾಗಿತ್ತು. ‘ಮೈಗೆ ತಕ್ಕಷ್ಟು ಹೊಲಿಯಿರಿ’ ಎಂದು ಬಟ್ಟೆ ಕೊಟ್ಟು ಹೋಗುವ ಗಿರಾಕಿಯ ಬಟ್ಟೆಗೆ ಈ ಮನುಷ್ಯ ಕತ್ತರಿಯನ್ನೇ ಹಾಕುವವರಲ್ಲ.

ಅಂದು, ಸೋಮವಾರ ಸಂಜೆ, ಟೇಲರ್ ನಂಬಿದ್ದು ತಮ್ಮ ಕಸುಬಿನ ಮೊದಲ ಪಾಠವನ್ನು. ಬಟ್ಟೆ ಕತ್ತರಿಸುವಾಗ ಅಳತೆಗಿಂತ ಒಂದಿಷ್ಟು ಹೆಚ್ಚು ಬಿಡಬೇಕು. ಅದಕ್ಕೆ ಮಾರ್ಜಿನ್ ಎನ್ನುತ್ತಾರೆ. ಹೆಚ್ಚಾದ ಬಟ್ಟೆ ಹೊಲಿಗೆಯ ಒಳಗೆ ಮಡಚಿಕೊಂಡು ಕೂತಿರುತ್ತದೆ. ಕಡಿಮೆಯಾದರೆ ಮಾತ್ರ ಗಿರಾಕಿಗೆ ಮುಖ ತೋರಿಸುವಂತಿಲ್ಲ. ಟೇಲರ್ ಎರಡು ಚಮಚ ಉಪ್ಪು ಹಾಕಿದರು. ಬಳಿಕ ಮಾರ್ಜಿನ್ನಿಗೆಂದು ಇನ್ನೊಂದು.

ಆ ಬೇಳೆಯನ್ನು ಬಾಯಿಗಿಡಲು ಆಗಲಿಲ್ಲ. ನೀರು ಬೆರೆಸಿದರು, ಆಲೂಗೆಡ್ಡೆ ಹಾಕಿದರು, ಇನ್ನಷ್ಟು ಬೇಳೆ ಸುರಿದರು. ಒಂದು ಪಾತ್ರೆಯದು ಮೂರು ಪಾತ್ರೆಯಾಯಿತು. ಸ್ನಾನದ ನೀರು ಕಾಯಿಸುವ ಹಂಡೆಯೂ ಒಲೆಯೇರಿತ್ತು ಎನ್ನುತ್ತಾರೆ ಅತ್ತೆ. ಇದನ್ನು ಟೇಲರ್ ಮೂರು ಭೇಟಿಯಲ್ಲೂ ಒಪ್ಪಲಿಲ್ಲ. ಔಷಧಿ ಅಂಗಡಿಗೂ ಸೈಕಲ್ ಅಂಗಡಿಗೂ ಬೋಗುಣಿ ತುಂಬ ಬೇಳೆ ಹೋದದ್ದಂತೂ ನಿಜ. ಮರುದಿನ ಸೈಕಲ್ ರಿಪೇರಿಯವನು ಖಾಲಿ ಬೋಗುಣಿಯ ಜೊತೆ ಖಾಲಿ ನೀರಿನ ಬಾಟಲಿಯನ್ನೂ ತಂದು ಕೌಂಟರಿನ ಮೇಲಿಟ್ಟು ಹೋದನಂತೆ.

ಮಂಗಳವಾರ, ಬುಧವಾರವೂ ಕೈ ತಾನಾಗಿಯೇ ಮಾರ್ಜಿನ್ ಬಿಟ್ಟಿತು. ಬುಧವಾರ ಹೆಂಡತಿ ಎರಡು ತುತ್ತು ತಿಂದು ತಟ್ಟೆ ಸರಿಸಿ, ಎದ್ದು ಹೋಗಿ ಅನ್ನಕ್ಕೆ ಎರಡು ಮೊಟ್ಟೆ ಹುರಿದುಕೊಂಡು ಬಂದರು. ಪುಸ್ತಕ ಚೀಲದಲ್ಲೇ ಉಳಿಯಿತು.

“ಸಾಕು ರೀ. ನಾಳೆ ಹೋಗಿ ನನ್ನ ಹೆಸರು ತೆಗೆಸಿಬಿಡ್ತೀನಿ.”

ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ತಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ ಎಂದು ಟೇಲರ್ ಹೇಳಿದರು. ಆಗ ಅವರ ಬಾಯಿಂದ ಬಂದದ್ದು ಮೂವತ್ತು ವರ್ಷಗಳಿಂದ ಗಿರಾಕಿಗಳಿಗೆ ಹೇಳಿ ಹೇಳಿ ಅಭ್ಯಾಸವಾದ ಮಾತು. “ಶನಿವಾರದವರೆಗೆ ಟೈಮ್ ಕೊಡು.”

“ನಿಮ್ಮ ಶನಿವಾರ ಎಂಥದು ಅಂತ ಊರಿಗೆಲ್ಲ ಗೊತ್ತು,” ಎಂದರು ಹೆಂಡತಿ. ಆದರೆ ಮರುದಿನ ಹೆಸರು ತೆಗೆಸಲಿಲ್ಲ.

ಗುರುವಾರ ಟೇಲರ್ ನಾಲ್ಕು ಗಂಟೆಗೇ ಅಂಗಡಿಯ ಬಾಗಿಲೆಳೆದು, ಅಳತೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು, ಎಲ್ಲಿ ತಪ್ಪುತ್ತಿದ್ದೇನೆಂದು ಅತ್ತೆಯನ್ನು ಕೇಳಿದರು. ಅಳಿಯ ತಮ್ಮನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲೆಂದು ಅತ್ತೆಯ ಹೇಳಿಕೆ. ಅವರು ಕುರ್ಚಿಯನ್ನು ಒಳಕ್ಕೆ ಎಳೆಸಿಕೊಂಡರು.

“ಬಟ್ಟೆ ಹೆಚ್ಚಾದ್ರೆ ಏನ್ ಮಾಡ್ತೀರಿ?”

“ಒಳಗೆ ಮಡಚ್ತೀನಿ.”

“ಉಪ್ಪನ್ನ ಎಲ್ಲಿಗೆ ಮಡಚ್ತೀರಿ?”

ಟೇಲರ್ ಸೌಟು ಕೆಳಗಿಟ್ಟರಂತೆ. ಕೈಗೆ ಹತ್ತಿದ್ದ ಪಾಠವನ್ನು ಷರ್ಟಿನ ಹಾಗೆ ಒಳಮೈ ಹೊರಮೈ ಮಾಡಿಕೊಳ್ಳಬೇಕಿತ್ತು: ಇಲ್ಲಿ ಕಡಿಮೆಯಾದದ್ದನ್ನು ಸೇರಿಸಬಹುದು, ಹೆಚ್ಚಾದದ್ದನ್ನು ಬಿಚ್ಚಲಾಗದು. ಅತ್ತೆ ಮೂರು ಬೆರಳಲ್ಲಿ ತೆಗೆದ ಉಪ್ಪನ್ನು ಅವರು ಕಾಗದದ ಮೇಲೆ ಹಾಕಿಸಿ, ಅದರ ಸುತ್ತ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದರು. ಅಳತೆ ಪುಸ್ತಕದಲ್ಲಿ ಹೆಂಡತಿಗೆಂದೇ ಒಂದು ಪುಟ ತೆರೆದು, ಗಿರಾಕಿಗಳ ಎದೆ, ತೋಳು, ಕೊರಳು ಬರೆಯುವ ಜಾಗದಲ್ಲಿ ಬೇಳೆ, ನೀರು, ನಿಮಿಷಗಳನ್ನು ಬರೆದರು. ಗೆರೆಯೊಳಗಿನ ಉಪ್ಪಿನಲ್ಲಿ ಮುಕ್ಕಾಲು ಪಾಲು ಮಾತ್ರ ಹಾಕಿ, ಅತ್ತೆಗೆ ಒಂದು ಚಮಚ ಕೊಟ್ಟು ಟ್ರಯಲ್ ನೋಡಿಸಿದರು. ಟೈಟಾ, ಲೂಸಾ ಎಂದು ಕೇಳಿದರಂತೆ. ಲೂಸು ಎಂದರು ಅತ್ತೆ. ಒಂದು ಚಿಟಿಕೆ ಸೇರಿತು.

ಶನಿವಾರ ಹೆಂಡತಿ ಎಂಟು ಗಂಟೆಗೆ ಬಂದು, ಎರಡನೆಯ ಸಲ ಬೇಳೆ ಬಡಿಸಿಕೊಂಡು, ಎಂಟೂ ಮುಕ್ಕಾಲಿಗೆ ಪುಸ್ತಕ ತೆರೆದರು. ಮದುವೆಯಾದ ಮೇಲೆ ಗಂಡ ಹೇಳಿದ ಶನಿವಾರಕ್ಕೇ ಮುಗಿದ ಮೊದಲ ಕೆಲಸ ಅದು ಎಂದು ಅವರು ನಗುತ್ತಾ ಹೇಳಿದರು. ಮುಂದಿನ ವಾರಗಳಲ್ಲಿ ಅನ್ನ ಒಮ್ಮೆ ತಳ ಹತ್ತಿತು, ಹಾಲು ಮೂರು ಸಲ ಉಕ್ಕಿತು. ಕ್ಯಾರೆಟ್ಟನ್ನು ಒಂದೇ ದಪ್ಪಕ್ಕೆ ದುಂಡಗೆ ಹೆಚ್ಚುವುದನ್ನು ನೋಡಿ ಅತ್ತೆ, ಇವಕ್ಕೆ ನಾಲ್ಕು ತೂತು ಹಾಕಿದರೆ ಗುಂಡಿಗಳೇ ಆದವು ಎಂದು ಹಾಸ್ಯ ಮಾಡಿದರು. ಪುಸ್ತಕ ಮಾತ್ರ ಒಂದು ದಿನವೂ ಚೀಲದಲ್ಲಿ ಉಳಿಯಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಹೆಂಡತಿ ತಟ್ಟೆಯಿಂದ ತಲೆಯೆತ್ತಿ, ಉಪ್ಪು ಒಂಚೂರು ಕಡಿಮೆ ಎಂದರು. ಟೇಲರ್ ಉಪ್ಪಿನ ಡಬ್ಬಿಯನ್ನು ಹೆಮ್ಮೆಯಿಂದ ಮುಂದಕ್ಕೆ ಸರಿಸಿದರು. “ಹಾಕ್ಕೋ. ಬೇಕಂತಲೇ ಬಿಟ್ಟಿದೀನಿ.”

ಅವರು ಪಾಸಾದರು. ಮುಖ್ಯ ನರ್ಸಿನ ಬಿಳಿ ಕೋಟಿಗೆ ಅಳತೆ ತೆಗೆದುಕೊಂಡದ್ದು ಗಂಡನೇ. ಬರೆದದ್ದೂ ಆ ಪುಟದಲ್ಲೇ, ಉಪ್ಪಿನ ಕೆಳಗೆ. ಹಳೆಯ ಕೋಟಿಗಿಂತ ಸೊಂಟ ಒಂದೂವರೆ ಇಂಚು ಹೆಚ್ಚು. ಈ ಸಾಲನ್ನು ಟೇಲರ್ ಬಂದವರಿಗೆಲ್ಲ ಪ್ರಮಾಣಪತ್ರದಂತೆ ತೋರಿಸುತ್ತಾರೆ. ಅಂದು ಟೇಪು ಸುತ್ತಿಡುತ್ತಿದ್ದ ಗಂಡನಿಗೆ ಹೆಂಡತಿ ಹೇಳಿದ ಮಾತು ಇದು:

“ಒಳಗೆ ಬಟ್ಟೆ ಜಾಸ್ತಿನೇ ಬಿಡಿ ರೀ. ನೀವು ಅಡುಗೆ ಬಿಡೋ ಹಾಗೆ ಕಾಣಲ್ಲ.”