ಮುಳ್ಳು ಇಟ್ಟ ಮನೆ

ನನ್ನ ನಾದಿನಿಯ ಮಗಳು ಮನಶ್ಶಾಸ್ತ್ರದಲ್ಲಿ ಸಂಶೋಧನೆ ಶುರು ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ತಾವಾಗಿ ಪ್ರಾಣ ಕಳೆದುಕೊಂಡವರ ಮನೆಗಳಿಗೆ ಹೋಗಿ, ಉಳಿದವರ ಜೊತೆ ಕೂತು ಮಾತಾಡುವುದು ಅವಳ ಕೆಲಸ. ಅಲ್ಲಿ ಇನ್ನೊಂದು ಜೀವ ಹೋಗದಂತೆ ತಡೆಯುವ ದಾರಿ ಹುಡುಕುವುದು. ವನಗೂರಿನ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಜೀಪು ಹತ್ತುತ್ತಿದ್ದೆ.

ಒಂದು ಸಂಜೆ ವಾಪಸು ಬರುವಾಗ ತಿರುವಿನಲ್ಲಿ ಹೆಂಚಿನ ಮನೆಯೊಂದು ಕಂಡಿತು. ಬಾಗಿಲಿಗೆ ಅಡ್ಡಲಾಗಿ ಮುಳ್ಳಿನ ಕೊಂಬೆ ಇಟ್ಟಿದ್ದರು.

"ಮನೆ ಬುಟ್ಟವ್ರೆ ಕಣಿ ಮೇಡಂ," ಎಂದ ಡ್ರೈವರ್. "ಮಗ ಹಂಗ್ ಮಾಡ್ಕಂಡ. ಸತ್ತ ನಕ್ಷತ್ರನೂ ಸರಿ ಇರ್ಲಿಲ್ಲ, ಅದ್ಕೇ ಮುಳ್ಳಿಟ್ಟವ್ರೆ. ಆರ್ ತಿಂಗ್ಳು ಯಾರೂ ಒಳಗೆ ಕಾಲಿಡಂಗಿಲ್ಲ. ತಾಯಿ ಕುಂದೂರಲ್ಲಿ ಅಣ್ಣನ ಮನೇಲವ್ರೆ." ಆಮೇಲೆ ದನಿ ತಗ್ಗಿಸಿದ. "ಸಂಜೆಯಾದ್ರೆ ಒಳಗೆ ಪಾತ್ರೆ ಸದ್ದಾಯ್ತದೆ. ನಾನೇ ಕೇಳಿವ್ನಿ."

"ಜೀಪ್ ನಿಲ್ಸಿ," ಎಂದಳು ಹುಡುಗಿ.

"ಆ ಸತ್ತೋನತ್ರಾನೂ ಪ್ರಶ್ನೆ ಕೇಳ್ತೀರಾ? ನಾನ್ ಬರಾಕಿಲ್ಲ ಮಾರಾಯ್ರೆ!"

ನಾವಿಬ್ಬರೇ ಇಳಿದೆವು. ಸುತ್ತ ಕಾಫಿ ಗಿಡದ ಒಂದೆಲೆಯೂ ಅಲುಗುತ್ತಿರಲಿಲ್ಲ. ಮುಳ್ಳು ಒಣಗಿ, ಅದರ ಸಂದಿನಲ್ಲಿ ಜೇಡ ಬಲೆ ಕಟ್ಟಿತ್ತು. ಹಿತ್ತಿಲಿಗೆ ಬಂದರೆ ಬಟ್ಟೆ ಒಗೆಯುವ ಕಲ್ಲು ಒದ್ದೆ. ತಂತಿಯ ಮೇಲೆ ಹರವಿದ ಗಂಡಸಿನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ ನನ್ನ ಬಾಯಿಗೆ ತಾನಾಗಿ ಬಂತು. ಒಳಗೆ ಯಾರೋ ಲೋಟ ಇಟ್ಟ ಸದ್ದು.

ಹುಡುಗಿ ಹಿತ್ತಿಲ ಬಾಗಿಲಲ್ಲಿ ನಿಂತು, ನೆರೆಮನೆಯವಳ ಹಾಗೆ, "ಅಮ್ಮಾ, ಊಟ ಆಯ್ತಾ?" ಎಂದಳು.

ಒಳಗಿನಿಂದ ಹೆಂಗಸಿನ ದನಿ ಬಂತು: "ಇಲ್ಲ ಕಣವ್ವ. ಅವ್ನು ಇನ್ನೂ ಬಂದಿಲ್ಲ."

ಬಾಗಿಲು ತಳ್ಳಿದೆವು. ಮಬ್ಬಿನಲ್ಲಿ ಆ ತಾಯಿ ಎರಡು ತಟ್ಟೆಗಳ ಮುಂದೆ ಕೂತಿದ್ದರು. ಮಗಳ ಮನೆಗೆ ಹೋಗುತ್ತೇನೆಂದು ಅಣ್ಣನಿಗೆ ಹೇಳಿ ಹೊರಟು ಇಲ್ಲಿಗೆ ಬಂದಿದ್ದರಂತೆ. ಸದ್ದು ಕೇಳಿದ ಊರಿನವರು ಅದು ಸತ್ತವನದೇ ಎಂದು ದೂರ ಉಳಿದಿದ್ದರು.

"ಅವ್ನೊಬ್ನೇ ಇರ್ತಾನಲ್ಲ," ಎಂದರು ಆಕೆ.

ಹುಡುಗಿ ನೆಲದ ಮೇಲೆ ಕೂತು ಕೇಳಿಯೇಬಿಟ್ಟಳು: "ಅಮ್ಮಾ, ನಿಮ್ಗೂ ಸಾಯ್ಬೇಕು ಅನ್ನಿಸ್ತಿದ್ಯಾ?"

ಅಂಥ ಮಾತನ್ನು ಬಾಯಿಬಿಟ್ಟು ಕೇಳುವುದುಂಟೇ?

ಆಕೆ ಹುಡುಗಿಯ ಮುಖವನ್ನೇ ನೋಡಿದರು. "ಇವತ್ತೇ ಅಂದ್ಕಂಡಿದ್ದೆ," ಎಂದು ಅಳತೊಡಗಿದರು. ಹುಡುಗಿ ಅವರ ಕೈ ಬಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅಳು ಇಳಿದ ಮೇಲೆ, "ಡಾಕ್ಟರ್ ಹತ್ರ ಹೋಗೋಣ. ನಾನೂ ಅಲ್ಲೇ ಇರ್ತೀನಿ," ಎಂದಳು.

ಮೂವರು ಬರುವುದನ್ನು ಕಂಡು ಡ್ರೈವರ್ ಜೀಪಿಗೆ ಅಂಟಿ ನಿಂತ. ಮೊದಲು ಆಕೆಯ ಪಾದ ನೋಡಿದ, ಹಿಂದುಮುಂದಾಗಿವೆಯೋ ಎಂದು. ಆಮೇಲೆ ಮುಂದಿನ ಸೀಟಿನಲ್ಲಿದ್ದ ಚೀಲ ತೆಗೆದು ಹಿಂದಕ್ಕೆ ಎಸೆದ.

"ಹತ್ತವ್ವ," ಎಂದ. "ಸಕಲೇಶಪುರದ ಆಸ್ಪತ್ರೆಗೆ ತಾನೆ?"