ಅತ್ತೆಯ ಉಗುರುಬೆಚ್ಚಗಿನ ನೀರು

ನನ್ನ ಸೋದರತ್ತೆ ಊರಿಗೆಲ್ಲ ಟೋಪಿ ಹಾಕಿದವಳು. ಗಾಬರಿಯಾಗಬೇಡಿ, ಯಾರಿಗೂ ಮೋಸ ಮಾಡಿದವಳಲ್ಲ. ಚಳಿಗಾಲದಲ್ಲಿ ಅವಳ ಹತ್ತಿರ ತಲೆ ತೊಳೆಸಿಕೊಂಡ ಹೆಂಗಸರು ಟೋಪಿಯಿಲ್ಲದೆ ಹೊಸ್ತಿಲು ದಾಟುವಂತಿರಲಿಲ್ಲ, ಅಷ್ಟೆ. ಮರೆತು ಬಂದವರಿಗೆಂದು ಬಾಗಿಲ ಪಕ್ಕದ ಮೊಳೆಗಳಲ್ಲಿ ಅವಳೇ ಹೆಣೆದ ನಾಲ್ಕೈದು ಉಣ್ಣೆಯ ಟೋಪಿಗಳು ಸದಾ ನೇತಾಡುತ್ತಿದ್ದವು. ಪ್ರತಿಯೊಂದಕ್ಕೂ ಒಳಗೆ ಹಳೆಯ ಹತ್ತಿ ಬಟ್ಟೆ ಕೊಟ್ಟು ಹೊಲಿದಿದ್ದಳು. ಉಣ್ಣೆ ನೇರವಾಗಿ ತಾಗಿದರೆ ಕೂದಲು ತಿಕ್ಕಿ ತಿಕ್ಕಿ ತುಂಡಾಗುತ್ತದೆ ಎನ್ನುವುದು ಅವಳ ಖಚಿತ ಅಭಿಪ್ರಾಯ. ಅವಳ ಅಭಿಪ್ರಾಯಗಳೆಲ್ಲ ಖಚಿತವಾಗಿಯೇ ಇರುತ್ತಿದ್ದವು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಾಗ ನನಗೆ ಇಪ್ಪತ್ತಾರು ವರ್ಷ. ಅತ್ತೆ ನಮ್ಮಪ್ಪನ ಅಕ್ಕ, ಒಬ್ಬಳೇ ಇದ್ದಳು, ಮುಂದಿನ ಕೋಣೆಯಲ್ಲಿ ಹೆಂಗಸರ ತಲೆ ತೊಳೆದು ಜೀವನ ಸಾಗಿಸುತ್ತಿದ್ದಳು, ಮಹಡಿಯ ಕೋಣೆ ಖಾಲಿಯಿತ್ತು. ಪೆಟ್ಟಿಗೆ ತಂದು ಇಳಿಸಿದೆ. ಅವಳು ನನ್ನ ಕ್ಷೇಮಸಮಾಚಾರ ಕೇಳುವ ಮೊದಲೇ ನನ್ನ ತಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬೈತಲೆ ತೆಗೆದು ನೋಡಿ, ನಿಟ್ಟುಸಿರು ಬಿಟ್ಟಳು. ತಪ್ಪು ನನ್ನದೇ. ದಿನವಿಡೀ ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡು ಕೂರುವ ಕೆಲಸ. ಅದರ ಪಟ್ಟಿಯ ಕೆಳಗೆ ಕಡಿತ, ಕೆರೆದರೆ ಹೊಟ್ಟು. ಕಪ್ಪು ಕೋಟು ತೊಟ್ಟ ದಿನ ಪಕ್ಕದ ಸೀಟಿನವಳು ನನ್ನ ಭುಜ ಕೊಡವಿ, ಇವಳಿಗೆ ಎಲ್ಲರಿಗಿಂತ ಮುಂಚೆ ಹಿಮ ಬಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಅದಕ್ಕೆ ನಾನು ಕಂಡುಕೊಂಡಿದ್ದ ಮದ್ದು ಕುದಿಯುವ ನೀರು. ಬೆಳಗಿನ ಚಳಿಗೆ ಅದು ಹಿತವಾಗಿಯೂ ಇತ್ತು.

ಮೊದಲ ವಾರವೇ ಸ್ನಾನದ ಮನೆಯಿಂದ ಹಬೆ ಹೊರಗೆ ಬರುವುದನ್ನು ಕಂಡ ಅತ್ತೆ ಬಾಗಿಲು ಬಡಿದಳು. "ತಲೆ ತೊಳೀತಿದ್ದೀಯೋ, ಪಾತ್ರೆ ತೊಳೀತಿದ್ದೀಯೋ?"

ಅಲ್ಲಿಗೆ ನನ್ನ ತಲೆ ಅವಳ ಕೈಗೆ ಹೋಯಿತು. ಭಾನುವಾರ ಬೆಳಿಗ್ಗೆ ಮುಂದಿನ ಕೋಣೆಯ ಕುರ್ಚಿಯಲ್ಲಿ ನಾನು ಕೂರಬೇಕು. ಎಣ್ಣೆಯ ಬಾಟಲಿಯನ್ನು ಬಿಸಿನೀರಿನ ಬಟ್ಟಲಲ್ಲಿ ಮೊದಲೇ ಇಟ್ಟಿರುತ್ತಿದ್ದಳು. ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಬಾರದು, ನೀರಿನ ಬಿಸಿಯಲ್ಲೇ ಅದು ಬೆಚ್ಚಗಾಗಬೇಕು. ಕೂದಲಿಗಲ್ಲ, ಬುಡಕ್ಕೆ ಹಚ್ಚಬೇಕು. ಉಗುರು ತಾಗಿಸದೆ ಬೆರಳ ತುದಿಯ ಮೆತ್ತೆಯಿಂದ ಉಜ್ಜಬೇಕು. ಅರ್ಧ ಗಂಟೆಗಿಂತ ಹೆಚ್ಚು ಬಿಡಬಾರದು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತೊಳೆಯಬಾರದು, ಚಳಿಯಲ್ಲಿ ಮೊದಲೇ ಒಣಗಿದ ಚರ್ಮ ಇನ್ನೂ ಒಣಗುತ್ತದೆ. ತೊಳೆದ ಮೇಲೆ ಟವೆಲಿನಲ್ಲಿ ಒತ್ತಬೇಕೇ ಹೊರತು ತಿಕ್ಕಬಾರದು, ಒಣಗುವ ತನಕ ಬೀದಿಗೆ ಕಾಲಿಡಬಾರದು. ಇಷ್ಟೆಲ್ಲ 'ಬಾರದು'ಗಳ ನಡುವೆ ನಾನು ಮುಖ ಊದಿಸಿಕೊಂಡು ಕೂರುತ್ತಿದ್ದೆ. ಈಗ ನೆನೆದರೆ, ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಕೂತಿಲ್ಲ.

ಆ ಕೋಣೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಕುರ್ಚಿ, ಕುತ್ತಿಗೆ ಇಡಲು ಅಂಚನ್ನು ಬಗ್ಗಿಸಿದ ತಗಡಿನ ತೊಟ್ಟಿ, ಆ ಅಂಚಿಗೆ ಮಡಿಸಿಟ್ಟ ಟವೆಲು. ಕಿಟಕಿಯ ಗಾಜಿನ ಮೇಲೆ ಹಬೆ ಕೂತು ಬೀದಿಯಲ್ಲಿ ಹೋಗುವವರೆಲ್ಲ ನೆರಳುಗಳಾಗುತ್ತಿದ್ದರು. ಹಿಂಬದಿಗೆ ಹೂವಿನ ಪರದೆ. ಅದರಾಚೆ ಒಲೆ, ಕೆಟಲು, ತಣ್ಣೀರಿನ ಬಕೆಟ್ಟು, ಬಾಯಿಯ ಹತ್ತಿರ ಬಣ್ಣ ಎದ್ದುಹೋದ ನೀಲಿ ಜಗ್ಗು. ಅತ್ತೆ ಬಿಸಿನೀರು ತಣ್ಣೀರನ್ನು ಜಗ್ಗಿನಲ್ಲಿ ಬೆರೆಸಿ, ನಾಲ್ಕು ಬೆರಳು ಮುಳುಗಿಸಿ, ಮನಸ್ಸಿನಲ್ಲೇ ಐದು ಎಣಿಸಿ, "ಹದ ಬಂತು" ಎನ್ನುತ್ತಿದ್ದಳು. ಆ ಮಾತು ಕೇಳಿದ ಮೇಲೆಯೇ ಕುರ್ಚಿಯಲ್ಲಿದ್ದವರು ಕಣ್ಣು ಮುಚ್ಚುತ್ತಿದ್ದದ್ದು. ಬ್ರೆಡ್ಡಂಗಡಿಯವಳಿಂದ ಹಿಡಿದು ಆಸ್ಪತ್ರೆಯ ನರ್ಸಿನವರೆಗೆ ಅರ್ಧ ಬೀದಿ ಆ ಎರಡು ಪದಗಳನ್ನು ನಂಬಿ ತಲೆ ಕೊಟ್ಟಿತ್ತು.

ನಾಲ್ಕನೆಯ ಚಳಿಗಾಲದಲ್ಲಿ ಅತ್ತೆ ಏಕೋ ಮನೆಯೊಳಗೂ ಟೋಪಿ ಹಾಕಿಕೊಂಡೇ ಓಡಾಡತೊಡಗಿದಳು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಒಂದೇ ಸಮನೆ ಸೀನು, ರಾತ್ರಿ ಕೆಮ್ಮು. ವಯಸ್ಸಾಯಿತು, ಚಳಿ ತಡೆಯುವುದಿಲ್ಲ ಎಂದಳು. ನಾನೂ ತಲೆಕೆಡಿಸಿಕೊಳ್ಳಲಿಲ್ಲ. ಊರಿಗೆ ಹಾಕಿದ್ದು ಸಾಲದೆ ಈಗ ನಿನಗೆ ನೀನೇ ಹಾಕಿಕೊಂಡೆಯಾ ಎಂದು ಗೇಲಿ ಮಾಡಿದೆ. ಅವಳು ನಕ್ಕಳು, ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಆ ಗೇಲಿಯನ್ನು ನೆನೆದರೆ ನನಗೆ ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ.

ಒಂದು ಶನಿವಾರ ಮಧ್ಯಾಹ್ನ ಎಕ್ಸ್‌ಚೇಂಜಿನಲ್ಲಿ ಲೈನು ಕೆಟ್ಟು ನಮ್ಮನ್ನು ಬೇಗ ಬಿಟ್ಟರು. ಹಿಂಬಾಗಿಲಿಂದ ಒಳಗೆ ಬಂದೆ. ಮುಂದಿನ ಕೋಣೆಯಲ್ಲಿ ಗಣಿತದ ಟೀಚರ್ ಇದ್ದಳು. ನಿವೃತ್ತಳಾದಾಗಿನಿಂದ ಶನಿವಾರ ಮೂರು ಗಂಟೆಗೆ ಬರುವುದನ್ನು ಒಮ್ಮೆಯೂ ತಪ್ಪಿಸದವಳು. ಪರದೆಯ ಸಂದಿಯಿಂದ ಕಂಡಂತೆ, ತೊಟ್ಟಿಯ ಅಂಚಿಗೆ ಕುತ್ತಿಗೆ ಕೊಟ್ಟು ಸೂರು ನೋಡುತ್ತಿದ್ದಳು. ಪರದೆಯ ಈಚೆ ಅತ್ತೆ, ನಾನು ಬಂದದ್ದು ತಿಳಿಯದೆ, ನೀರು ಬೆರೆಸಿದಳು. ಬೆರಳು ಮುಳುಗಿಸಲಿಲ್ಲ. ಟೋಪಿ ತೆಗೆದು, ಖಾಲಿ ಬಕೆಟ್ಟೊಂದರ ಮೇಲೆ ಬಗ್ಗಿ, ಜಗ್ಗಿನ ನೀರನ್ನು ತನ್ನ ನಡುನೆತ್ತಿಗೆ ಒಂದು ಧಾರೆ ಸುರಿದುಕೊಂಡಳು. ಕಣ್ಣು ಮುಚ್ಚಿ ಐದು ಎಣಿಸಿದಳು. ಇನ್ನೊಂದಿಷ್ಟು ತಣ್ಣೀರು ಸೇರಿಸಿ ಮತ್ತೆ ಸುರಿದುಕೊಂಡಳು. ತಲೆಯನ್ನು ಟವೆಲಿನಲ್ಲಿ ಒತ್ತಿ ಟೋಪಿ ಹಾಕಿಕೊಂಡು, ಆಮೇಲೆ ಪರದೆ ಸರಿಸಿ, "ಹದ ಬಂತು ಟೀಚರ್" ಎಂದಳು.

ದಿನಕ್ಕೆ ಏಳೆಂಟು ಜನ ಬರುತ್ತಿದ್ದರು. ಒದ್ದೆ ತಲೆಯಲ್ಲಿ ಯಾರನ್ನೂ ಮೆಟ್ಟಿಲು ಇಳಿಯಲು ಬಿಡದವಳು ಬೆಳಗಿನಿಂದ ಸಂಜೆಯವರೆಗೆ ಆ ಚಳಿಯಲ್ಲಿ ಒದ್ದೆ ತಲೆಯಲ್ಲೇ ನಿಲ್ಲುತ್ತಿದ್ದಳು.

ಟೀಚರ್ ಕೂದಲು ಒಣಗಿಸಿಕೊಳ್ಳುತ್ತ ಒಲೆಯ ಪಕ್ಕ ಕೂತಾಗ ಅತ್ತೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ. ಮೊದಲು ಏನೇನೋ ಸಬೂಬು ಹೇಳಿದಳು. ಆಮೇಲೆ ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಕಳೆದ ವರ್ಷದಿಂದ ಬೆರಳುಗಳಿಗೆ ಬಿಸಿ ತಂಪು ಸ್ವಲ್ಪಸ್ವಲ್ಪವಾಗಿ ತಿಳಿಯದಾಗುತ್ತ ಬಂದಿತ್ತಂತೆ, ಈಗ ಪೂರಾ ಇಲ್ಲವಂತೆ. ಗಂಟು ಬಿಡಿಸುತ್ತವೆ, ಜಡೆ ಹೆಣೆಯುತ್ತವೆ, ಆದರೆ ಕೆಟಲು ಮುಟ್ಟಿದರೂ ಸುಮ್ಮನಿರುತ್ತವೆ. ನರದ ತೊಂದರೆ, ಮತ್ತೆ ಸರಿಹೋಗುವುದು ಕಷ್ಟ ಎಂದಿದ್ದರಂತೆ ಡಾಕ್ಟರು. ಚಳಿಗಾಲದ ಮೊದಲ ಶನಿವಾರ ಅವಳು ಎಂದಿನಂತೆ ಬೆರಳು ಮುಳುಗಿಸಿ, ಎಣಿಸಿ, ಹದ ಬಂತು ಎಂದು ಟೀಚರ್ ತಲೆಗೆ ನೀರು ಸುರಿದಿದ್ದಳು. ಟೀಚರ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದಳಂತೆ, ತುಟಿ ಬಿಚ್ಚಲಿಲ್ಲವಂತೆ. ಮುಂದಿನ ವಾರ ಬೈತಲೆ ತೆಗೆದಾಗ ಬುಡದಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು.

"ಒಂದು ಮಾತು ಬೈದಿದ್ರೂ ಆಗ್ತಿತ್ತು ಕಣೇ," ಎಂದಳು ಅತ್ತೆ. "ಆಕೆ ಬೈಲಿಲ್ಲ."

ನನಗೆ ಅಳು ಬಂತು, ಅದಕ್ಕೇ ರೇಗಿದೆ. ಮೊಣಕೈಯಲ್ಲಿ ನೋಡಬಹುದಿತ್ತಲ್ಲ ಎಂದೆ. ಮೊಣಕೈಗೆ ಮೈಯ ಬಿಸಿ ಗೊತ್ತು, ನೆತ್ತಿಯದು ಗೊತ್ತಿಲ್ಲ ಎಂದಳು. ಥರ್ಮಾಮೀಟರ್ ತಂದುಕೊಡುತ್ತೇನೆ ಎಂದೆ. ಅದಕ್ಕೆ ಕೂದಲಿದೆಯಾ ಎಂದು ಕೇಳಿದಳು. ಹಾಗಾದರೆ ಈ ಕೆಲಸವನ್ನೇ ಬಿಡು ಎಂದೆ. ಅವಳ ಮುಖ ಸಣ್ಣದಾಯಿತು.

"ಬಿಟ್ಟು ಏನು ಮಾಡ್ಲಿ? ಕೈ ಸತ್ತೋಗಿದೆ ಅಂತ ಗೊತ್ತಾದ್ರೆ ನಾಳೆಯಿಂದ ಯಾರೂ ಬರಲ್ಲ. ಬೆಳಗ್ಗೆ ಎದ್ದು ಯಾರಿಗೋಸ್ಕರ ಒಲೆ ಹಚ್ಚಲಿ ನಾನು?"

ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ತಲೆಗೆ ಟವೆಲು ಸುತ್ತಿಕೊಂಡ ಟೀಚರ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅತ್ತೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ನನಗೆ ಆವತ್ತೇ ಗೊತ್ತಾಯ್ತು ರೀ," ಎಂದಳು ಟೀಚರ್, ತರಗತಿಯಲ್ಲಿ ಉತ್ತರ ತಿದ್ದುವ ದನಿಯಲ್ಲಿ. "ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ. ನೀವು ಸೀನೋದು ಕೇಳಿಸ್ಕೊಂಡು ಮಲಗಿರೋದಕ್ಕಿಂತ ಆ ಬಿಸಿನೀರೇ ವಾಸಿಯಾಗಿತ್ತು. ಮುಂದಿನ ವಾರದಿಂದ ಜಗ್ಗು ನನ್ನ ಹತ್ತಿರ ತನ್ನಿ. ನನ್ನ ಕೈ ಚೆನ್ನಾಗೇ ಇದೆ."

ಇಷ್ಟು ಸುಲಭದ ಉಪಾಯ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಬರುವವರಿಗೆಲ್ಲ ಎರಡೆರಡು ಕೈಗಳಿದ್ದವು. ಮುಂದಿನ ವಾರ ಅತ್ತೆ ತಲೆ ತಗ್ಗಿಸಿಕೊಂಡೇ ಬ್ರೆಡ್ಡಂಗಡಿಯವಳ ಮುಂದೆ ಜಗ್ಗು ಹಿಡಿದಳು. ಅವಳು ಏನೊಂದೂ ಕೇಳದೆ ಕೈ ಅದ್ದಿ, ಇನ್ನು ಸ್ವಲ್ಪ ತಣ್ಣೀರು ಎಂದಳು. ಟೀಚರ್ ಬೀದಿಗೆಲ್ಲ ಮೊದಲೇ ಪಾಠ ಮಾಡಿ ಮುಗಿಸಿದ್ದಳು. ಒಬ್ಬರೂ ಬಿಟ್ಟು ಹೋಗಲಿಲ್ಲ. ಮುಂದಿನ ಒಂಬತ್ತು ಚಳಿಗಾಲ ನೀರನ್ನು ಅವರವರೇ ನೋಡಿಕೊಂಡರು. ಆದರೆ ಹದ ಬಂತು ಎನ್ನುವ ಹಕ್ಕನ್ನು ಮಾತ್ರ ಅತ್ತೆಗೇ ಬಿಟ್ಟಿದ್ದರು.

ಕೊನೆಯ ವರ್ಷ ಅವಳು ಹಾಸಿಗೆ ಹಿಡಿದಳು. ಬೇರೆ ಊರಿಗೆ ವರ್ಗವಾಗಿದ್ದ ನಾನು ರಜೆ ಹಾಕಿ ಬಂದೆ. ಒಂದು ಬೆಳಿಗ್ಗೆ, ತಲೆ ಕಡಿಯುತ್ತಿದೆ, ತೊಳೆದುಬಿಡು ಎಂದಳು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಎಣ್ಣೆ ಬೆಚ್ಚಗೆ ಮಾಡಿದೆ, ಅವಳ ಬಿಳಿ ಕೂದಲ ಬುಡಕ್ಕೆ ಬೆರಳ ತುದಿಯಿಂದ ಹಚ್ಚಿದೆ, ಅರ್ಧ ಗಂಟೆ ಬಿಟ್ಟೆ. ನೀಲಿ ಜಗ್ಗಿನಲ್ಲಿ ನೀರು ಬೆರೆಸಿದೆ. ಕೈಗೆ ಸರಿಯೆನಿಸಿತು. ಆದರೂ ಯಾಕೋ ನನ್ನ ಕೈಯನ್ನು ನಾನು ನಂಬಲಿಲ್ಲ. ಪರದೆಯ ಹಿಂದೆ ಬಗ್ಗಿ ನಿಂತು ನನ್ನ ನೆತ್ತಿಗೆ ಸುರಿದುಕೊಂಡೆ, ಐದು ಎಣಿಸಿದೆ, ಒಂದು ಲೋಟ ತಣ್ಣೀರು ಸೇರಿಸಿದೆ. ಅವಳು ಮೊಣಕೈಯ ಬಗ್ಗೆ ಹೇಳಿದ್ದು ನನ್ನ ಕೈಗೂ ನಿಜವಾಗಿತ್ತು. ಕೈಗೆ ಹಿತವಾದದ್ದು ನೆತ್ತಿಗೆ ಬಿಸಿಯೇ.

ಜಗ್ಗನ್ನು ಹಾಸಿಗೆಯ ಪಕ್ಕ ತಂದೆ. ಅತ್ತೆ ಕೈ ಚಾಚಿದಳು. ನಾನು ಜಗ್ಗು ಬಗ್ಗಿಸಿ ಹಿಡಿದೆ. ಏನೂ ತಿಳಿಯದ ಆ ನಾಲ್ಕು ಬೆರಳುಗಳನ್ನು ನೀರಿನಲ್ಲಿ ಮುಳುಗಿಸಿ, ತುಟಿ ಅಲ್ಲಾಡಿಸುತ್ತ ಎಣಿಸಿದಳು.

"ಹದ ಬಂತು," ಎಂದಳು. ಆಮೇಲೆ ಕಣ್ಣೆತ್ತಿ ನನ್ನ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ನೋಡಿದಳು, ನನ್ನ ಕೂದಲನ್ನು ನೋಡಿದಳು.

"ಒದ್ದೆ ತಲೇಲಿ ನಿಂತಿದ್ದೀಯಲ್ಲೇ," ಎಂದಳು. "ಮೊಳೇಲಿ ಟೋಪಿ ಇದೆ, ಮೊದಲು ಹಾಕ್ಕೊಂಡು ಬಾ."

ಹಾಕಿಕೊಂಡು ಬಂದೆ.