ಸುಮ್ಮನೆ ಕೂತಿದ್ದವರು

ನನ್ನ ಕನ್ನಡಕದಂಗಡಿಯ ಪಕ್ಕದಲ್ಲಿ ಸೋಫಾ ರಿಪೇರಿ ಮಾಡುವವಳನ್ನು ಬೀದಿಯವರೆಲ್ಲ ‘ಅರೆಬರೆ’ ಎಂದೇ ಕರೆಯುತ್ತಾರೆ. ಕೆಲಸ ಬಾರದವಳಲ್ಲ. ಅವಳ ಹೊಲಿಗೆಗೆ ಹೆಸರಿಡುವಂತಿಲ್ಲ. ಆದರೆ ಒಂದು ಸೋಫಾದ ಬಟ್ಟೆ ಬಿಚ್ಚುವಾಗ ಇನ್ನೊಂದು ನೆನಪಾಗಿ ಅತ್ತ ಹೋಗುವಳು, ದಾರ ತರಲು ಹೊರಟವಳು ಬಣ್ಣದ ಡಬ್ಬ ಹಿಡಿದು ಬರುವಳು. ಅಂಗಡಿ ತುಂಬ ಹೊಟ್ಟೆ ಬಗೆದ ಸೋಫಾಗಳು. ಗಿರಾಕಿಗಳು ಮುಖಕ್ಕೆ ಮಂಗಳಾರತಿ ಮಾಡಿ ಹೋದ ಮೇಲೆ ನನ್ನಲ್ಲಿಗೆ ಬಂದು ಅಳುತ್ತಿದ್ದಳು.

“ನಾನು ಬೇಕೂಂತ ಮಾಡ್ತೀನಾ, ನೀವೇ ಹೇಳಿ?”

ಕೊನೆಗೆ ಡಾಕ್ಟರು ಅದಕ್ಕೆ ಎಡಿಎಚ್‌ಡಿ ಎಂದರು. ಸೋಮಾರಿತನವಲ್ಲ, ಗಮನ ಒಂದೆಡೆ ನಿಲ್ಲದ ತೊಂದರೆ. ಮಾತ್ರೆ ಬರೆದುಕೊಟ್ಟು, ಕೆಲಸದ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಇದ್ದರೆ ಒಳ್ಳೆಯದು ಎಂದರು. ಹಾಗೆ ಬಂದವರು ಅವಳ ಚಿಕ್ಕಮ್ಮ.

ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಸೊಂಟನೋವು. ಎರಡು ಬಸ್ಸು ಹತ್ತಿಳಿದು ಬಂದು, ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತು ಸ್ವೆಟರ್ ಹೆಣೆಯುವರು. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಇವಳು ಕೆಲಸ ಬಿಟ್ಟು ಬಾಗಿಲ ಕಡೆ ಹೊರಟರೆ ಒಮ್ಮೆ ಕಣ್ಣೆತ್ತಿ ನೋಡುವರು. ಇವಳು ತಿರುಗಿ ಬಂದು ಸೂಜಿ ಹಿಡಿಯುವಳು. ಹೀಗೆಯೇ ಅಂಗಡಿ ಮೇಲೆದ್ದಿತು. ಆಚೆಯ ಮಳಿಗೆಯನ್ನೂ ಹಿಡಿದಳು, ಇಬ್ಬರು ಕೆಲಸಗಾರರು ಬಂದರು, ದೀಪದ ಬೋರ್ಡು ಬಂತು. ಸ್ಟೂಲು ಮಾತ್ರ ಅದೇ. ಊರಿಗೆಲ್ಲ ಮೆತ್ತೆ ಹಾಕಿಕೊಡುವ ಅಂಗಡಿಯಲ್ಲಿ ಆ ಹೆಂಗಸಿಗೆ ಒರಗಲು ಒಂದು ಕುರ್ಚಿ ಇಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೇಳಿಯೂಬಿಟ್ಟೆ.

“ಚಿಕ್ಕಮ್ಮಂಗೆ ಅಂತಾನೇ ಒಂದು ಶುರು ಮಾಡಿದೀನಿ,” ಎಂದು ಮೂಲೆ ತೋರಿಸಿದಳು. ಬರೀ ಚೌಕಟ್ಟು, ಅದರ ಮೇಲೆ ಧೂಳು.

ಒಂದು ದಿನ ಚಿತ್ರಮಂದಿರದ ಮಾಲೀಕರು ಬಂದರು. ಸೀಟುಗಳನ್ನೆಲ್ಲ ಹೊಸದು ಮಾಡಿಸುವ ಕೆಲಸ. ಅದು ಕೈಗೂಡಿದರೆ ಅವಳ ಬದುಕೇ ದಡ ಸೇರುತ್ತಿತ್ತು. ಅವಳು ಒಯ್ದಿದ್ದ ನನ್ನ ಕತ್ತರಿ ವಾಪಸು ಕೇಳಲು ಹೋದ ನಾನೂ ಅಲ್ಲಿದ್ದೆ. ಮಾಲೀಕರು ಕಿಟಕಿಯತ್ತ ನೋಡಿ, “ಆ ಅಮ್ಮ ಯಾರು? ಅವರೂ ಕೆಲಸಕ್ಕಿದಾರಾ?” ಎಂದರು.

ತನಗೊಬ್ಬರು ಕಾವಲು ಬೇಕೆಂದು ಗೊತ್ತಾದರೆ ಇವರು ಕೆಲಸ ಕೊಟ್ಟಾರೇ ಎಂದು ಹೆದರಿದಳೇನೋ. ಹಲ್ಲು ಕಿರಿದು ಹೇಳಿದಳು: “ಅಯ್ಯೋ, ಅವರಾ? ನಮ್ಮ ಸಂಬಂಧಿಕರು. ಮನೇಲಿ ಹೊತ್ತು ಹೋಗಲ್ಲ, ಪಾಪ. ಸುಮ್ನೆ ಬಂದು ಕೂತಿರ್ತಾರೆ.”

ಕೆಲಸ ಸಿಕ್ಕಿತು. ಚಿಕ್ಕಮ್ಮ ಹಿಡಿದ ಸಾಲನ್ನು ಹೆಣೆದು ಮುಗಿಸಿ, ಉಣ್ಣೆಯ ಉಂಡೆ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟರು. ಮರುದಿನ ಬರಲಿಲ್ಲ. ಇವಳು ಮನೆಗೆ ಹೋಗಿ ಕರೆದದ್ದಕ್ಕೆ ಚಹಾ ಕೊಟ್ಟು, “ಬೇಜಾರೇನಿಲ್ಲಮ್ಮ. ಹೊತ್ತು ಇಲ್ಲೂ ಹೋಗುತ್ತೆ,” ಎಂದರಂತೆ.

ಆಮೇಲೆ ಫೋನಿನಲ್ಲಿ ಗಂಟೆಗೊಂದು ಅಲಾರಾಂ ಇಟ್ಟುಕೊಂಡಳು, ನೆನಪಿಗೆಂದು ಗೋಡೆಗೆ ಬಣ್ಣದ ಚೀಟಿ ಅಂಟಿಸಿದಳು, ಸಂಬಳ ಕೊಟ್ಟು ಒಬ್ಬಳು ಹುಡುಗಿಯನ್ನು ಕೂರಿಸಿದಳು. ಆ ಹುಡುಗಿಯೊಂದಿಗೆ ಹರಟುವುದೇ ಕೆಲಸವಾಯಿತು. ನಾನೂ ಹೋಗಿ ಕೂತೆ; ಬಾಯಿ ಮುಚ್ಚಿಕೊಂಡಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ, ಬೈದು ಎದ್ದು ಬಂದೆ. ಅವಳು ಬಿಚ್ಚಿಹಾಕಿದ್ದ ಸೀಟುಗಳನ್ನು ಚಿತ್ರಮಂದಿರದವರು ಹಾಗೆಯೇ ಲಾರಿಗೆ ತುಂಬಿಸಿಕೊಂಡು ಹೋದರು. ಕೆಲಸಗಾರರೂ ಬೇರೆ ಕಡೆ ಸೇರಿಕೊಂಡರು.

ಈಗ ಅವಳದು ಒಂದೇ ಜಪ. ಚಿಕ್ಕಮ್ಮನ ಕುರ್ಚಿ ಮುಗಿಸಬೇಕು, ಅದನ್ನು ಹೊತ್ತುಕೊಂಡು ಹೋಗಿ ಕಾಲಿಗೆ ಬೀಳಬೇಕು. ದಿನಾ ಬೆಳಿಗ್ಗೆ ಧೂಳು ಒರೆಸಿ ಶುರು ಮಾಡುತ್ತಾಳೆ. ಕುರ್ಚಿಯ ಒಂದು ಕೈಗೆ ಬಟ್ಟೆ ಹಾಕಿಯೂ ಆಗಿದೆ. ಅಷ್ಟರಲ್ಲಿ ಏನೋ ನೆನಪಾಗಿ ಬಾಗಿಲ ಕಡೆ ಹೊರಡುತ್ತಾಳೆ, ಹೊಸ್ತಿಲಲ್ಲಿ ನಿಂತು ಕಿಟಕಿಯತ್ತ ತಿರುಗಿ ನೋಡುತ್ತಾಳೆ. ಸ್ಟೂಲು ಖಾಲಿ ಇರುತ್ತದೆ. ಹೊರಗೆ ಹೋಗುತ್ತಾಳೆ.